ಪೆನ್ಸಿಲ್ವೇನಿಯಾ: ಫಾರ್ಮಸಿ ಕೈ ಬದಲಾದಾಗ ಮೆಡಿಕೇರ್ ಪಾರ್ಟ್ ಡಿ, ಪೇಸ್ ದಾಖಲಾತಿ ಹೇಗೆ?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಪೆನ್ಸಿಲ್ವೇನಿಯಾದಲ್ಲಿ ಒಂದು ಸಣ್ಣ ಸ್ವತಂತ್ರ ಫಾರ್ಮಸಿ ಕೊಳ್ಳುವ ಮಾತುಕತೆ ನಡೆದಿದೆ. ಕಂಪನಿಯ ಷೇರು ಕೊಳ್ಳುತ್ತಿಲ್ಲ. ಅಂಗಡಿ, ಸ್ಟಾಕ್, ಪ್ರಿಸ್ಕ್ರಿಪ್ಷನ್ ಫೈಲುಗಳು ಮಾತ್ರ, ನಮ್ಮ ಹೊಸ ಎಲ್‌ಎಲ್‌ಸಿ (ಸೀಮಿತ ಹೊಣೆಗಾರಿಕೆ ಕಂಪನಿ) ಹೆಸರಿಗೆ. ಗಿರಾಕಿಗಳಲ್ಲಿ ಹೆಚ್ಚಿನವರು 65 ದಾಟಿದವರು, ಮೆಡಿಕೇರ್ ಪಾರ್ಟ್ ಡಿ (ಹಿರಿಯರ ಕೇಂದ್ರ ಆರೋಗ್ಯ ವಿಮೆಯ ಔಷಧಿ ಭಾಗ) ಇರುವವರು. ಕೆಲವರ ಬಳಿ ರಾಜ್ಯದ ಪೇಸ್ (ಹಿರಿಯರಿಗೆ ಔಷಧಿ ಖರ್ಚಿನ ನೆರವು) ಕಾರ್ಡೂ ಇದೆ. ಹಳೇ ಮಾಲೀಕರ ನಂಬರಿನಲ್ಲೇ ಕ್ಲೇಮು ಕಳಿಸುತ್ತಾ ಹೋಗಬಹುದೇ? ಇಲ್ಲದಿದ್ದರೆ ಪಾರ್ಟ್ ಡಿ ಸರ್ಟಿಫಿಕೇಷನ್ ಯಾರು ಕೊಡುತ್ತಾರೆ, ಯಾವುದರ ನಂತರ ಯಾವುದು ಮಾಡಬೇಕು? ಅಂಗಡಿ ಕೈಗೆ ಬಂದ ದಿನವೇ ವಯಸ್ಸಾದವರನ್ನು ವಾಪಸ್ ಕಳಿಸುವ ಪರಿಸ್ಥಿತಿ ಬರಬಾರದು.

ಬಿಲ್ಲಿಂಗ್ ಮೇಜು:

ಪಾರ್ಟ್ ಡಿಗೆ ಸಿಎಂಎಸ್ (ಮೆಡಿಕೇರ್ ನಡೆಸುವ ಕೇಂದ್ರ ಸಂಸ್ಥೆ) ನೇರವಾಗಿ ಫಾರ್ಮಸಿಗೆ ಸರ್ಟಿಫಿಕೇಟ್ ಕೊಡುವುದಿಲ್ಲ. 2006ರಲ್ಲಿ ಯೋಜನೆ ಶುರುವಾದಾಗಿನಿಂದಲೂ ಅದು ಖಾಸಗಿ ಪ್ಲಾನುಗಳ ಮೂಲಕವೇ ನಡೆಯುತ್ತಿದೆ. ಪ್ಲಾನಿನ ಪರವಾಗಿ ಪಿಬಿಎಂ (ಪ್ಲಾನುಗಳ ಔಷಧಿ ಬಿಲ್ ನೋಡಿಕೊಳ್ಳುವ ಕಂಪನಿ) ನಿಮ್ಮ ದಾಖಲೆ ಪರಿಶೀಲಿಸಿ ನೆಟ್‌ವರ್ಕಿಗೆ, ಅಂದರೆ ಪ್ಲಾನಿನ ಗುತ್ತಿಗೆಯಲ್ಲಿರುವ ಫಾರ್ಮಸಿಗಳ ಗುಂಪಿಗೆ, ಸೇರಿಸಿಕೊಳ್ಳುತ್ತದೆ. ನೀವು ಸರ್ಟಿಫಿಕೇಷನ್ ಅನ್ನುತ್ತಿರುವುದು ಈ ಕ್ರೆಡೆನ್ಷಿಯಲಿಂಗನ್ನೇ.

ಹಳೇ ನಂಬರಿನ ಆಸೆ ಬಿಡಿ. ಷೇರು ಕೊಂಡಿದ್ದರೆ ಕಾನೂನಿನ ದೃಷ್ಟಿಯಲ್ಲಿ ಅದೇ ಸಂಸ್ಥೆ ಮುಂದುವರಿಯುತ್ತಿತ್ತು. ಆಗಲೂ ಮಾಲೀಕತ್ವ ಬದಲಾದದ್ದನ್ನು ಎಲ್ಲರಿಗೂ ತಿಳಿಸಲೇಬೇಕು. ನಿಮ್ಮದು ಹೊಸ ಎಲ್‌ಎಲ್‌ಸಿ, ಹೊಸ ತೆರಿಗೆ ನಂಬರು. ಹಾಗಾಗಿ ಪರ್ಮಿಟ್, ಡಿಇಎ (ನಿಯಂತ್ರಿತ ಔಷಧಿಗಳ ಕೇಂದ್ರ ಸಂಸ್ಥೆ) ನೋಂದಣಿ, ಎನ್‌ಪಿಐ (ಆರೋಗ್ಯ ಸೇವೆ ಕೊಡುವವರ ಗುರುತಿನ ನಂಬರು), ಎನ್‌ಸಿಪಿಡಿಪಿ (ಕ್ಲೇಮಿಗೆ ಬೇಕಾದ ಫಾರ್ಮಸಿ ನಂಬರು) ಎಲ್ಲವೂ ಹೊಸದೆಂದೇ ಲೆಕ್ಕ ಹಾಕಿ. ಪಿಬಿಎಂ ಲಿಖಿತವಾಗಿ ಒಪ್ಪದೆ ಇನ್ನೊಬ್ಬರ ನಂಬರಿನಲ್ಲಿ ಬಿಲ್ ಮಾಡಿದರೆ ಆಡಿಟ್‌ನಲ್ಲಿ ಅಷ್ಟೂ ಹಣ ವಾಪಸ್ ಹೋಗುತ್ತದೆ, ಗುತ್ತಿಗೆಯೂ ಹೋಗುತ್ತದೆ.

ಮೊದಲು ತೆರಿಗೆ ನಂಬರು, ಆಮೇಲೆ ರಾಜ್ಯದ ಫಾರ್ಮಸಿ ಬೋರ್ಡಿನ ಪರ್ಮಿಟ್. ರಾಜ್ಯದ ಪರವಾನಗಿ ಇಲ್ಲದೆ ಡಿಇಎ ಮುಂದೆ ಹೋಗುವುದಿಲ್ಲ. ಅಲ್ಲಿ ಅರ್ಜಿ ಫಾರಂ 224, ನೋಂದಣಿ 3 ವರ್ಷಕ್ಕೆ. ಎನ್‌ಪಿಐ ಉಚಿತ. ಸಂಸ್ಥೆಗೆ ಬೇಕಾದದ್ದು ಟೈಪ್ 2. ನಿಮ್ಮ ಸ್ವಂತ ಟೈಪ್ 1 ನಂಬರು ಇಲ್ಲಿ ನಡೆಯದು. ಇವೆಲ್ಲ ಕೈಯಲ್ಲಿದ್ದಾಗ 7 ಅಂಕಿಯ ಎನ್‌ಸಿಪಿಡಿಪಿ ನಂಬರಿಗೆ ಅರ್ಜಿ. ಅಲ್ಲಿಂದ ಪಿಎಸ್‌ಎಒ (ಸ್ವತಂತ್ರ ಫಾರ್ಮಸಿಗಳ ಪರವಾಗಿ ಪಿಬಿಎಂ ಗುತ್ತಿಗೆ ಮಾಡಿಕೊಡುವ ಸಂಸ್ಥೆ) ಸೇರಿಕೊಳ್ಳಿ. ಒಂಟಿ ಅಂಗಡಿಯವರು ಒಂದೊಂದು ಪಿಬಿಎಂ ಜೊತೆಗೂ ತಾವೇ ಕೂತು ಗುತ್ತಿಗೆ ಮಾಡಿಕೊಳ್ಳಲು ಹೋದರೆ ಬೇರೆ ಕೆಲಸಕ್ಕೆ ಹೊತ್ತೇ ಉಳಿಯುವುದಿಲ್ಲ.

ಪಿಬಿಎಂ ಸಾಮಾನ್ಯವಾಗಿ ಕೇಳುವುದು: ಫಾರ್ಮಸಿಸ್ಟ್ ಮ್ಯಾನೇಜರ್ ಲೈಸೆನ್ಸ್, ಮಾಲೀಕರ ವಿವರ, ಅಂಗಡಿಯ ಒಳಗಿನ ಹೊರಗಿನ ಫೋಟೊ, ವೃತ್ತಿ ಹೊಣೆಗಾರಿಕೆ ವಿಮೆ. ವಿಮೆ ಹಲವು ಕಡೆ ಪ್ರತಿ ಘಟನೆಗೆ 10 ಲಕ್ಷ, ಒಟ್ಟು 30 ಲಕ್ಷ ಡಾಲರ್ ಇರಬೇಕು. ಅರ್ಜಿ ನಿಲ್ಲುವುದು ಬಹುಪಾಲು ವಿಳಾಸದಲ್ಲಿ. ಪರ್ಮಿಟ್‌ನಲ್ಲಿ ‘ಸೂಟ್ 2’ ಇದೆ, ಡಿಇಎಯಲ್ಲಿ ಇಲ್ಲ. ವಿಮೆ ಎಲ್‌ಎಲ್‌ಸಿ ಹೆಸರಲ್ಲಿದೆ, ಎನ್‌ಸಿಪಿಡಿಪಿಯಲ್ಲಿ ಅಂಗಡಿ ಫಲಕದ ಮೇಲಿನ ಹೆಸರು ಮಾತ್ರ ಇದೆ. ಇಷ್ಟಕ್ಕೇ ಫೈಲು ವಾಪಸ್ ಬರುತ್ತದೆ, ಸರದಿ ಮತ್ತೆ ಮೊದಲಿಂದ. ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ವಿಳಾಸ ಇವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಎಲ್ಲ ಅರ್ಜಿಗೂ ಅಕ್ಷರ ಬಿಡದೆ ಅದನ್ನೇ ತುಂಬಿ.

ಪ್ಲಾನಿನವರು ‘ನೆಟ್‌ವರ್ಕ್ ಭರ್ತಿಯಾಗಿದೆ’ ಎಂದರೆ ಸುಮ್ಮನೆ ಹಿಂದೆ ಸರಿಯಬೇಡಿ. ಷರತ್ತು ಒಪ್ಪುವ ಯಾವುದೇ ಫಾರ್ಮಸಿಗೂ ಪ್ಲಾನು ತನ್ನ ಸ್ಟ್ಯಾಂಡರ್ಡ್ ಗುತ್ತಿಗೆ ಕೊಡಲೇಬೇಕು. ಮುಂದಿನ ವರ್ಷದ ಗುತ್ತಿಗೆ ಸೆಪ್ಟೆಂಬರ್ 15ರ ಒಳಗೆ ಸಿದ್ಧವಿರಬೇಕು. ಆಮೇಲೆ ಕೇಳಿದವರಿಗೆ ಕೆಲಸದ 7 ದಿನಗಳೊಳಗೆ ತಲುಪಬೇಕು. ಲಿಖಿತವಾಗಿ ಕೇಳಿ, ಪ್ರತಿ ಇಟ್ಟುಕೊಳ್ಳಿ. ಆದರೆ ‘ಪ್ರಿಫರ್ಡ್’ ನೆಟ್‌ವರ್ಕಿನ ಷರತ್ತೇ ಬೇರೆ. ಸ್ಟ್ಯಾಂಡರ್ಡ್‌ನಲ್ಲಿ ಸೇರಿದರೆ ಕೆಲವು ಪ್ಲಾನುಗಳಲ್ಲಿ ಗಿರಾಕಿಯ ಕೋಪೇ (ಕೈಯಿಂದ ಕಟ್ಟುವ ಪಾಲು) ಜಾಸ್ತಿ ಬರುತ್ತದೆ. ಇದನ್ನು ಅವರಿಗೆ ಮೊದಲೇ ಹೇಳುವುದು ನಮ್ಮ ಕರ್ತವ್ಯ.

ಕರಾವಳಿ ಫಾರ್ಮಸಿಸ್ಟ್:

ಮೇಲಿನವರು ಹೇಳಿದ್ದು ಸರಿ. ಕೈ ಬದಲಾಗುವ ದಿನದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ನಿಯಂತ್ರಿತ ಔಷಧಿ ಇರುವ ಅಂಗಡಿ ಮಾರುವವರು ಕನಿಷ್ಠ 14 ದಿನ ಮುಂಚೆ ಡಿಇಎಗೆ ತಿಳಿಸಬೇಕು. ಹಸ್ತಾಂತರದ ದಿನ ಪೂರ್ತಿ ದಾಸ್ತಾನು ಎಣಿಸಿ ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಶೆಡ್ಯೂಲ್ 2 (ಹೆಚ್ಚು ಬಿಗಿ ನಿಯಂತ್ರಣದ) ಮಾತ್ರೆಗಳು ಡಿಇಎಯ ಆರ್ಡರ್ ಫಾರಂ 222 ಇಲ್ಲದೆ ಕೈ ಬದಲಾಗಬಾರದು. ನಿಮ್ಮ ಡಿಇಎ ನಂಬರು ಬಾರದೆ ಆ ಫಾರಂ ನಿಮಗೆ ಸಿಗುವುದೂ ಇಲ್ಲ. ಆದ್ದರಿಂದ ಮಾರಾಟದ ಕರಾರಿನಲ್ಲಿ ‘ಇಂಥ ತಾರೀಖು’ ಎಂದು ಬರೆಯುವ ಬದಲು ‘ಪರ್ಮಿಟ್, ಡಿಇಎ ಮತ್ತು ಮುಖ್ಯ ಪಿಬಿಎಂಗಳ ಒಪ್ಪಿಗೆ ಬಂದ ಮೇಲೆ’ ಎಂದು ಬರೆಸಿಕೊಳ್ಳಿ. ಈ ಒಂದು ಸಾಲಿಗೆ ವಕೀಲರ ಫೀಸು ಕೊಟ್ಟರೂ ನಷ್ಟವಿಲ್ಲ. ಸಿವಿಎಸ್ ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರ್‌ಎಕ್ಸ್ ಮೂರರಲ್ಲಿ ಒಂದು ಬಾಕಿ ಉಳಿದರೂ ಕೌಂಟರಿನಲ್ಲಿ ತೊಂದರೆ ಖಚಿತ.

ಆ ತೊಂದರೆ ಪರದೆಯ ಮೇಲೆ ಕಾಣುವುದು ರಿಜೆಕ್ಟ್ 40 (ಕ್ಲೇಮು ತಿರಸ್ಕಾರದ ಸಂಕೇತ) ಎಂದು: ಆ ದಿನಾಂಕಕ್ಕೆ ಫಾರ್ಮಸಿ ಪ್ಲಾನಿನ ಗುತ್ತಿಗೆಯಲ್ಲಿಲ್ಲ. ರಿಜೆಕ್ಟ್ 50 ಬಂದರೆ ನಿಮ್ಮ ಫಾರ್ಮಸಿ ನಂಬರು ಅವರ ಫೈಲಿಗೆ ಹೊಂದುತ್ತಿಲ್ಲ. ಸಾಫ್ಟ್‌ವೇರಿನಲ್ಲಿ ಹಳೇ ಎನ್‌ಪಿಐ ಉಳಿದಿದೆಯೇ ಎಂದು ಮೊದಲು ನೋಡಿ. ರಿಜೆಕ್ಟ್ 25 ವೈದ್ಯರ ನಂಬರಿನದು. ಆಸ್ಪತ್ರೆ ಅಥವಾ ಕ್ಲಿನಿಕ್ಕಿನ ಎನ್‌ಪಿಐ ಹಾಕಿದ್ದರೆ ನಡೆಯದು, ಬರೆದ ವೈದ್ಯರ ವೈಯಕ್ತಿಕ ಎನ್‌ಪಿಐ ಬೇಕು. ವೈದ್ಯರು ಪಾರ್ಟ್ ಡಿಗೆಂದು ಮೆಡಿಕೇರ್‌ನಲ್ಲಿ ನೋಂದಾಯಿಸಿರಲೇಬೇಕು ಎಂಬ ನಿಯಮವನ್ನು ಸಿಎಂಎಸ್ 2018ರಲ್ಲಿ ಕೈಬಿಟ್ಟಿತು. ಅದರ ಬದಲು 2019ರಿಂದ ಪ್ರಿಕ್ಲೂಷನ್ ಪಟ್ಟಿ ಬಂದಿದೆ. ಆ ಪಟ್ಟಿಯಲ್ಲಿರುವ ವೈದ್ಯರು ಬರೆದ ಔಷಧಿಗೆ ಪ್ಲಾನು ಹಣ ಕೊಡುವುದಿಲ್ಲ.

40 ಬಂದಾಗ ‘ಸದ್ಯಕ್ಕೆ ನಗದು ಕೊಡಿ’ ಎನ್ನಬೇಡಿ. ಆ ಹಣ ತಾನಾಗಿ ಗಿರಾಕಿಯ ವಾರ್ಷಿಕ ಮಿತಿಗೆ (ಪಾರ್ಟ್ ಡಿ ಔಷಧಿಗೆ ವರ್ಷದಲ್ಲಿ ಕೈಯಿಂದ ಕಟ್ಟುವ ಗರಿಷ್ಠ ಮೊತ್ತ) ಸೇರುವುದಿಲ್ಲ. 2026ಕ್ಕೆ ಆ ಮಿತಿ 2,100 ಡಾಲರ್. ಪ್ರಿಸ್ಕ್ರಿಪ್ಷನ್ನನ್ನು ನೆಟ್‌ವರ್ಕಿನಲ್ಲಿರುವ ಹತ್ತಿರದ ಫಾರ್ಮಸಿಗೆ ವರ್ಗಾಯಿಸಿ. ಗಿರಾಕಿ ಹೋದರೂ ಪರವಾಗಿಲ್ಲ, ಬಿಪಿ ಮಾತ್ರೆ ತಪ್ಪಬಾರದು.

ರಿಜೆಕ್ಟ್ 569 ಬಂದರೆ ಮಾತ್ರ ಬೇರೆ ಕೆಲಸವಿದೆ. ಔಷಧಿ ವಿಮೆಯಲ್ಲಿ ತಮ್ಮ ಹಕ್ಕುಗಳನ್ನು ತಿಳಿಸುವ ಸಿಎಂಎಸ್ 10147 ನೋಟಿಸನ್ನು ಗಿರಾಕಿಯ ಕೈಗೇ ಕೊಡಬೇಕು. ಗೋಡೆಗೆ ಅಂಟಿಸಿದರೆ ಸಾಲದು. ಅದನ್ನು ಹಿಡಿದು ಅವರು ಪ್ಲಾನಿಗೆ ಕೋರಿಕೆ ಹಾಕಬಹುದು. ಮಾಮೂಲಿ ಉತ್ತರಕ್ಕೆ 72 ಗಂಟೆ, ತುರ್ತಾದರೆ 24 ಗಂಟೆ. ಫಾರ್ಮುಲರಿಯ (ಪ್ಲಾನು ಒಪ್ಪಿದ ಔಷಧಿ ಪಟ್ಟಿ) ವಿನಾಯಿತಿ ಕೇಳಿದ್ದರೆ ವೈದ್ಯರ ಸಮರ್ಥನೆ ತಲುಪಿದ ಮೇಲೆ ಗಡಿಯಾರ ಶುರು.

ಬಿಲ್ಲಿಂಗ್ ಮೇಜು:

ಸಿಬ್ಬಂದಿ ಪರಿಶೀಲನೆ ಬಿಟ್ಟುಹೋಗಿತ್ತು. ಕೆಲಸಕ್ಕೆ ಸೇರಿಸುವ ಮೊದಲು, ಆಮೇಲೆ ಪ್ರತಿ ತಿಂಗಳೂ, ಒಐಜಿಯ (ಕೇಂದ್ರ ಆರೋಗ್ಯ ಇಲಾಖೆಯ ತನಿಖಾ ವಿಭಾಗ) ಬಹಿಷ್ಕೃತರ ಪಟ್ಟಿ ಮತ್ತು ಸ್ಯಾಮ್ ಪಟ್ಟಿ (ಕೇಂದ್ರ ಸರ್ಕಾರದ ಗುತ್ತಿಗೆಗಳಿಂದ ನಿಷೇಧಿತರದು) ಎರಡರಲ್ಲೂ ಪ್ರತಿಯೊಬ್ಬರ ಹೆಸರು ನೋಡಬೇಕು. ಡೆಲಿವರಿ ಹುಡುಗ, ಪಾರ್ಟ್‌ಟೈಮ್ ಕ್ಯಾಷಿಯರ್ ಕೂಡ ಸೇರಿ. ಮದುವೆಗೆ ಮುಂಚಿನ ಹೆಸರಿದ್ದರೆ ಅದನ್ನೂ ಹುಡುಕಿ. ದಿನಾಂಕ ಕಾಣುವ ಹಾಗೆ ಮುದ್ರಿಸಿ ಫೈಲಿಗೆ ಹಾಕಿ, ಏಕೆಂದರೆ ಆಡಿಟರ್‌ಗೆ ‘ನೋಡಿದ್ದೇವೆ’ ಎಂಬ ಮಾತು ಸಾಕಾಗದು. ವಂಚನೆ ಮತ್ತು ದುರ್ಬಳಕೆ ತಡೆಯ ತರಬೇತಿ ಸೇರಿದ 90 ದಿನಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ. ಸಿಎಂಎಸ್‌ನ ಪಾಠವನ್ನೇ ಬಳಸಬೇಕೆಂಬ ಕಡ್ಡಾಯ ಈಗಿಲ್ಲ, ಆದರೆ ಪಿಬಿಎಂಗಳು ಪ್ರತಿವರ್ಷ ದೃಢೀಕರಣ ಕೇಳುತ್ತವೆ. ಪಾರ್ಟ್ ಡಿ ದಾಖಲೆಗಳನ್ನು 10 ವರ್ಷ ಇಡಬೇಕು.

ತುಂಗಾತೀರ:

ಇಬ್ಬರಿಗೂ ಧನ್ಯವಾದ. ಪೇಸ್‌ಗೆ ಬೇರೆ ಅರ್ಜಿಯೇ? 2026ರ ಹೊಸ ಬೆಲೆಗಳಿಗೆ ಇನ್ನೊಂದು ನೋಂದಣಿ ಇದೆ ಎಂದೂ ಕೇಳಿದೆ.

ಕರಾವಳಿ ಫಾರ್ಮಸಿಸ್ಟ್:

ಹೌದು, ಎರಡೂ ಬೇರೆ.

ಪೇಸ್ ರಾಜ್ಯದ್ದು, ಲಾಟರಿ ಹಣದಿಂದ ನಡೆಯುವುದು. ಪ್ರೊವೈಡರ್ ಒಪ್ಪಂದ ಅವರ ಜೊತೆಗೇ ಆಗಬೇಕು. ಬಿಲ್ ಮೊದಲು ಪಾರ್ಟ್ ಡಿಗೆ, ಉಳಿದದ್ದು ಪೇಸ್‌ಗೆ. ನಿಮ್ಮ ಪೇಸ್ ಒಪ್ಪಂದ ಬಾಕಿಯಿದ್ದರೆ ಪಾರ್ಟ್ ಡಿ ಪಾಸಾದರೂ ಗಿರಾಕಿ ಪ್ಲಾನಿನ ಪೂರ್ತಿ ಕೋಪೇ ಕಟ್ಟಬೇಕಾಗುತ್ತದೆ. ಪೇಸ್ ಇದ್ದಿದ್ದರೆ ಜನರಿಕ್‌ಗೆ 6, ಬ್ರ್ಯಾಂಡಿಗೆ 9 ಡಾಲರ್. ಪೇಸ್‌ನೆಟ್ (ಸ್ವಲ್ಪ ಹೆಚ್ಚು ಆದಾಯದವರ ಪೇಸ್) ಆದರೆ 8 ಮತ್ತು 15. ಕೈ ತಡೆದು ಖರ್ಚು ಮಾಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಪಿಬಿಎಂ ಅರ್ಜಿಗಳ ಜೊತೆಯಲ್ಲೇ ಇದನ್ನೂ ಹಾಕಿ.

ಇನ್ನೊಂದು ಎಂಟಿಎಫ್, ಅಂದರೆ ಹೊಸ ಬೆಲೆಗಳ ಮಾಹಿತಿ ಮತ್ತು ಹಣವನ್ನು ತಯಾರಕರಿಗೂ ಫಾರ್ಮಸಿಗೂ ನಡುವೆ ಸಾಗಿಸುವ ಸಿಎಂಎಸ್ ವ್ಯವಸ್ಥೆ. ಮೆಡಿಕೇರ್ ಚೌಕಾಶಿ ಮಾಡಿದ 10 ಔಷಧಿಗಳ ಬೆಲೆ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಮಧುಮೇಹದ ಮಾತ್ರೆ ಜನೂವಿಯಾವನ್ನೇ ಉದಾಹರಣೆಗೆ ನೋಡಿ. 2023ರಲ್ಲಿ ಪಟ್ಟಿ ಬೆಲೆ ತಿಂಗಳಿಗೆ 527 ಡಾಲರ್ ಇತ್ತು, ಮೆಡಿಕೇರ್ ಒಪ್ಪಿಸಿದ ಬೆಲೆ 113. ಹೋಲ್‌ಸೇಲರಿಂದ ಹಳೇ ದರದಲ್ಲೇ ಕೊಂಡರೂ, ಪ್ಲಾನು ಕೊಡುವುದು ಹೊಸ ಬೆಲೆಯ ಆಧಾರದಲ್ಲಿ. ನಡುವಿನ ಅಂತರವನ್ನು ತಯಾರಕರು ಎಂಟಿಎಫ್ ಮಾಹಿತಿ ತಲುಪಿದ 14 ದಿನಗಳೊಳಗೆ ತುಂಬಿಕೊಡಬೇಕು. ಅಷ್ಟು ದಿನ ಆ ಹಣ ನಿಮ್ಮ ಜೇಬಿನದು. ಎಂಟಿಎಫ್ ಡೇಟಾ ಮಾಡ್ಯೂಲ್‌ಗೆ ಸೇರಿರಬೇಕೆಂದು ಪಾರ್ಟ್ ಡಿ ಗುತ್ತಿಗೆಗಳಲ್ಲೇ ಷರತ್ತಿದೆ. ಹೊಸ ಎನ್‌ಪಿಐ, ಎನ್‌ಸಿಪಿಡಿಪಿ ನಂಬರು ಬಂದ ವಾರವೇ ನೋಂದಾಯಿಸಿ, ಬ್ಯಾಂಕ್ ಖಾತೆ ಎಲ್‌ಎಲ್‌ಸಿ ಹೆಸರಿನದೇ ಕೊಡಿ. ಮೊದಲ ತಿಂಗಳ ಬಂಡವಾಳ ಲೆಕ್ಕ ಹಾಕುವಾಗ ಹಳೇ ಮಾಲೀಕರಿಂದ ಎಲಿಕ್ವಿಸ್, ಜಾರ್ಡಿಯನ್ಸ್, ಜನೂವಿಯಾ ತಿಂಗಳಿಗೆ ಎಷ್ಟು ಹೋಗುತ್ತದೆ ಎಂಬ ವರದಿ ತರಿಸಿಕೊಂಡು, ಆ ಅಂತರದಷ್ಟು ನಗದು ಬೇರೆ ತೆಗೆದಿಡಿ.