ದುಂಡು ಕುತ್ತಿಗೆಯ ಪ್ಯಾಟರ್ನನ್ನು ವಿ ನೆಕ್ ಮಾಡಿದೆ, ಈಗ ಎದೆ ಹತ್ತಿರ ಬಾಯಿ ಬಿಡುತ್ತಿದೆ

ಪ್ರಶ್ನೆ

ನನ್ನ ಹತ್ತಿರ ಒಂದು ಟಾಪ್ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಪೇಪರ್ ನಮೂನೆ) ಇದೆ. ದುಂಡು ಕುತ್ತಿಗೆ, ಪಕ್ಕದ ಹೊಲಿಗೆಯಿಂದ ಎದೆ ಕಡೆಗೆ ಒಂದು ಡಾಟ್, ಅಂದರೆ ಬಟ್ಟೆಗೆ ಉಬ್ಬು ಬರಲು ಹೊಲಿಯುವ ಚೂಪು ಮಡಿಕೆ. ಮೂರು ಸಲ ಹೊಲಿದಿದ್ದೇನೆ, ಮೂರೂ ಸಲ ಮೈಗೆ ಚೆನ್ನಾಗಿ ಕೂತಿದೆ. ಈ ಸಲ ನನ್ನದೇ ಡಿಸೈನ್ ಮಾಡೋಣ ಅಂತ ಮುಂದಿನ ಕುತ್ತಿಗೆಯನ್ನು 8 ಸೆಂ.ಮೀ. ಇಳಿಸಿ ವಿ ಮಾಡಿದೆ. ಸ್ಕೇಲ್ ಇಟ್ಟು ಗೆರೆ ಎಳೆದೆ, ಕತ್ತರಿಸಿದೆ, ಅಷ್ಟೇ. ಬೇರೇನೂ ಮುಟ್ಟಿಲ್ಲ.

ಹಾಕಿಕೊಂಡು ನೋಡಿದರೆ ವಿ ಅಂಚು ಮೈಗೆ ತಾಗುವುದೇ ಇಲ್ಲ. ಎರಡೂ ಕಡೆ ಬಾಯಿ ಬಿಡುತ್ತದೆ. ಭುಜದ ಹೊಲಿಗೆ ಬಿಚ್ಚಿ ಒಂದೂವರೆ ಸೆಂ.ಮೀ. ಮೇಲೆಳೆದು ಹೊಲಿದೆ. ಕುತ್ತಿಗೆ ಸ್ವಲ್ಪ ಸುಧಾರಿಸಿತು, ಆದರೆ ಈಗ ಕಂಕುಳಲ್ಲಿ ಕಚ್ಚುತ್ತಿದೆ. ಬಟ್ಟೆ ತೆಳು ಕಾಟನ್. ಎಲ್ಲಿ ಎಡವಿದೆ?

ಉತ್ತರ 1

ಅಂಚಿನೊಳಗೆ ಸಣ್ಣ ಎಲಾಸ್ಟಿಕ್ ಹಾಕಿ. ನಾನು ಹಾಗೇ ಮಾಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ.

ಉತ್ತರ 2

ತೆಳು ಕಾಟನ್‌ನಲ್ಲಿ ಗೊತ್ತಾಗುತ್ತದೆ, ಸುಕ್ಕು ಎದ್ದು ಕಾಣುತ್ತದೆ. ಎಲಾಸ್ಟಿಕ್ ಬೇಡ.

ಮೊದಲು ಭುಜವನ್ನು ಇದ್ದ ಹಾಗೇ ಮಾಡಿ. ಪಾಪ, ಅದರ ತಪ್ಪೇನೂ ಇಲ್ಲ. ಭುಜ ಎತ್ತಿದರೆ ಕುತ್ತಿಗೆಯ ಜೊತೆ ಆರ್ಮ್‌ಹೋಲ್ (ತೋಳಿನ ಸುತ್ತು) ಕೂಡ ಚಿಕ್ಕದಾಗುತ್ತದೆ, ಅದಕ್ಕೇ ಕಂಕುಳು ಕಚ್ಚುತ್ತಿರುವುದು.

ವಿ ಬಾಯಿ ಬಿಡುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಅಂಚು ಹಿಗ್ಗಿರಬಹುದು. ವಿ ಗೆರೆ ಉದ್ದಕ್ಕೂ ಬಟ್ಟೆಯ ನೂಲಿಗೆ ಓರೆಯಾಗಿ ಹೋಗುತ್ತದೆ, ಓರೆಯಲ್ಲಿ ಬಟ್ಟೆ ಎಳೆದಷ್ಟೂ ಬರುತ್ತದೆ. ಕತ್ತರಿಸಿದ ತುಂಡನ್ನು ಕೈಯಲ್ಲಿ ಎತ್ತಿ ಹಿಡಿದರೂ ಸಾಕು. ಇಲ್ಲವೇ ಪೇಪರಿನಲ್ಲೇ ಜಾಸ್ತಿ ಇರಬಹುದು. ದುಂಡು ಕುತ್ತಿಗೆ ಕತ್ತಿನ ಬುಡದಲ್ಲೇ ನಿಂತುಬಿಡುತ್ತದೆ. ವಿ ಅಂಚು ಎದೆಯ ಉಬ್ಬಿಗೂ ಭುಜಕ್ಕೂ ನಡುವಿನ ತಗ್ಗನ್ನು ದಾಟಬೇಕು. ಬಟ್ಟೆ ತಗ್ಗಿಗೆ ಇಳಿಯದೆ ಸೇತುವೆ ಥರ ಮೇಲೇ ನಿಲ್ಲುತ್ತದೆ.

ನಿಮ್ಮದು ಯಾವುದು ಅಂತ ಅಳೆದು ನೋಡಿ. ಟಾಪನ್ನು ಮೇಜಿನ ಮೇಲೆ ಎಳೆಯದೆ ಹರಡಿ, ಭುಜದಿಂದ ವಿ ತುದಿಯವರೆಗೆ ಟೇಪ್ ಇಡಿ. ಪೇಪರಿನಲ್ಲೂ ಅದೇ ಗೆರೆ ಅಳೆಯಿರಿ, ಹೊಲಿಗೆ ಜಾಗ (ಹೊಲಿಗೆಯಾಚೆ ಉಳಿಸುವ ಅಂಚು) ಬಿಟ್ಟು. ಆಮೇಲೆ ಟಾಪ್ ಹಾಕಿಕೊಂಡು, ಬಾಯಿ ಬಿಟ್ಟಲ್ಲಿ ಅಂಚು ಮೈಗೆ ತಾಗುವಷ್ಟು ಮಡಿಸಿ ಪಿನ್ ಚುಚ್ಚಿ. ಆ ಮಡಿಕೆ ನುಂಗಿದ ಬಟ್ಟೆ ಎಷ್ಟು ಅಂತ ಹೇಳಿ.

ಕೇಳಿದವರು

ಭುಜವನ್ನು ಹಳೆಯ ಗೆರೆಗೇ ಹೊಲಿದೆ. ಪೇಪರ್ 24 ಸೆಂ.ಮೀ., ಟಾಪ್ 24.8. ಮಡಿಕೆ 2 ಸೆಂ.ಮೀ., ಎರಡೂ ಕಡೆ ಅಷ್ಟೇ.

ಉತ್ತರ 2

ಹಾಗಾದರೆ ಎರಡೂ ಸೇರಿಕೊಂಡಿವೆ. 8 ಮಿ.ಮೀ. ಹಿಗ್ಗಿದ್ದು, ಉಳಿದ 1.2 ಸೆಂ.ಮೀ. ಪೇಪರಿನದು.

ಪೇಪರಿನದ್ದನ್ನು ಕತ್ತರಿಸಿ ಎಸೆಯಬೇಡಿ, ಡಾಟ್‌ಗೆ ಸಾಗಿಸಿ. ಎದೆಯ ತುತ್ತತುದಿ ಎಲ್ಲಿ ಬರುತ್ತದೆ ಅಂತ ಪೇಪರಿನಲ್ಲಿ ಚುಕ್ಕೆ ಇಡಿ. ಡಾಟ್‌ನ ಮೂತಿ ಆ ಚುಕ್ಕೆಗಿಂತ ಸ್ವಲ್ಪ ಹಿಂದೆಯೇ ನಿಂತಿರುತ್ತದೆ, ಅದೇ ಚುಕ್ಕೆ ಅಂದುಕೊಳ್ಳಬೇಡಿ. ವಿ ಗೆರೆಯಲ್ಲಿ ಪಿನ್ ಚುಚ್ಚಿದ ಜಾಗದಿಂದ ಚುಕ್ಕೆಗೆ ಒಂದು ಗೆರೆ, ಡಾಟ್‌ನ ನಡುಗೆರೆಯಿಂದ ಚುಕ್ಕೆಗೆ ಇನ್ನೊಂದು. ಎರಡನ್ನೂ ಕತ್ತರಿಸಿ, ಚುಕ್ಕೆಯ ಹತ್ತಿರ ಮಾತ್ರ ಕೂದಲೆಳೆಯಷ್ಟು ಪೇಪರ್ ಉಳಿಸಿ. ಈಗ ಆರ್ಮ್‌ಹೋಲ್ ಇರುವ ತುಂಡು ಬಾಗಿಲಿನ ಹಾಗೆ ತಿರುಗುತ್ತದೆ. ವಿ ಅಂಚಿನಲ್ಲಿ 1.2 ಸೆಂ.ಮೀ. ಒಂದರ ಮೇಲೊಂದು ಬರುವಂತೆ ತಿರುಗಿಸಿ ಟೇಪ್ ಅಂಟಿಸಿ. ಅತ್ತ ಡಾಟ್ ತಾನಾಗಿ ಬಾಯಿ ತೆರೆಯುತ್ತದೆ. ವಿ ಅಂಚಿನಿಂದ ಚುಕ್ಕೆಗೆ 15 ಸೆಂ.ಮೀ., ಚುಕ್ಕೆಯಿಂದ ಪಕ್ಕದ ಹೊಲಿಗೆಗೆ 12 ಅಂತ ಇಟ್ಟುಕೊಂಡರೆ ಡಾಟ್ ಮೊದಲಿಗಿಂತ ಸುಮಾರು 1 ಸೆಂ.ಮೀ. ಹೆಚ್ಚು ಅಗಲವಾಗುತ್ತದೆ. ಆರ್ಮ್‌ಹೋಲ್ ಒಂದು ನೂಲೂ ಬದಲಾಗುವುದಿಲ್ಲ. ನನಗೆ ಈ ವಿಧಾನ ಇಷ್ಟವಾಗುವುದು ಅದಕ್ಕೇ.

ಆಮೇಲೆ ವಿ ಗೆರೆ ಮುರಿದ ಹಾಗೆ ಕಾಣುತ್ತದೆ, ಸ್ಕೇಲ್ ಇಟ್ಟು ನೇರ ಮಾಡಿ. ಡಾಟ್‌ನ ಮೂತಿಯನ್ನು ಚುಕ್ಕೆಗೆ 2 ಸೆಂ.ಮೀ. ಹಿಂದೆಯೇ ನಿಲ್ಲಿಸಿ. ಚುಕ್ಕೆಯವರೆಗೆ ಹೊಲಿದರೆ ಅಲ್ಲಿ ಮೊನೆ ಏಳುತ್ತದೆ.

ಹಿಗ್ಗುವುದಕ್ಕೆ ಮದ್ದು ಸುಲಭ. ಕತ್ತರಿಸಿದ ಕೂಡಲೇ, ತುಂಡನ್ನು ಮೇಜಿನಿಂದ ಎತ್ತುವ ಮೊದಲೇ, ಬಟ್ಟೆಯ ಉದ್ದದ ಅಂಚಿನಿಂದ 1 ಸೆಂ.ಮೀ. ಪಟ್ಟಿ ತೆಗೆಯಿರಿ. ಆ ಅಂಚು ಹಿಗ್ಗುವುದಿಲ್ಲ. ಅದನ್ನು ಪೇಪರಿನ ಅಳತೆಗೆ ಕತ್ತರಿಸಿ ವಿ ಅಂಚಿಗೆ ಪಿನ್ ಮಾಡಿ, ಹೊಲಿಗೆ ಜಾಗದೊಳಗೇ ಒಂದು ಹೊಲಿಗೆ ಹಾಕಿ. ಭುಜದಿಂದ ಶುರು ಮಾಡಿ ವಿ ತುದಿಗೆ ನಿಲ್ಲಿಸಿ, ಎರಡೂ ಕಡೆ ಬೇರೆ ಬೇರೆಯಾಗಿ.

ಉತ್ತರ 3

ಹಿಂದಿನ ಕುತ್ತಿಗೆ ಆಳ ಮಾಡಿಲ್ಲ ತಾನೇ? ಮುಂದೂ ಹಿಂದೂ ಇಳಿಸಿದರೆ ಭುಜ ಜಾರುತ್ತದೆ. ಒಂದು ಕಡೆಯಾದರೂ ಎತ್ತರ ಇರಲಿ.

ಕೇಳಿದವರು

ಇಲ್ಲ, ಹಿಂದೆ ಮುಟ್ಟಿಲ್ಲ. ಅದಿರಲಿ, ಹೊಲಿದಾಗಿರುವ ಟಾಪ್ ಕತೆ ಏನು? ಅದಕ್ಕೆ ಡಾಟ್ ತಿರುಗಿಸಲು ಆಗುವುದಿಲ್ಲ ಅಲ್ವಾ?

ಉತ್ತರ 2

ಆಗುವುದಿಲ್ಲ. ಫೇಸಿಂಗ್ (ಕುತ್ತಿಗೆ ಅಂಚಿನ ಒಳಗೆ ಹೊಲಿಯುವ ಬಟ್ಟೆ) ಬಿಚ್ಚಿ, ಪ್ರತಿ ಕಡೆ 6 ಮಿ.ಮೀ. ನುಂಗುವ ಎರಡು ಸಣ್ಣ ನೆರಿಗೆ ಹಾಕಿ, ಅಲ್ಲಿಗೆ 1.2 ಸೆಂ.ಮೀ. ಮುಗಿಯಿತು. ಹಿಗ್ಗಿದ 8 ಮಿ.ಮೀ. ಅನ್ನು ಅದೇ ಪಟ್ಟಿಗೆ ಒತ್ತಿ ಕೂರಿಸಿ ಹಬೆ ಇಸ್ತ್ರಿ ಮಾಡಿ. ಯಾರಾದರೂ ಕೇಳಿದರೆ ನೆರಿಗೆ ಡಿಸೈನ್ ಅನ್ನಿ.

ಕೇಳಿದವರು

ಹಳೇ ಬೆಡ್‌ಶೀಟಿನಲ್ಲಿ ಹೊಸ ಪ್ಯಾಟರ್ನ್ ಹೊಲಿದು ನೋಡಿದೆ. ವಿ ಮೈಗೆ ಅಂಟಿ ಕೂತಿದೆ, ಬಗ್ಗಿದರೂ ಏಳುವುದಿಲ್ಲ. ಎರಡು ಕಡೆ ಎಡವಿದೆ, ಮುಂದೆ ಓದುವವರಿಗೆ ಇರಲಿ ಅಂತ ಬರೆಯುತ್ತಿದ್ದೇನೆ. ಅಗಲವಾದ ಡಾಟನ್ನು ಪೇಪರಿನಲ್ಲಿ ಮಡಿಸಿ ಪಕ್ಕದ ಗೆರೆ ಕತ್ತರಿಸಬೇಕಿತ್ತು, ಮರೆತೆ. ಹೊಲಿದ ಮೇಲೆ ಡಾಟ್‌ನ ಬಾಯಲ್ಲಿ ಬಟ್ಟೆ ಕಡಿಮೆ ಬಿತ್ತು. ಇನ್ನೊಂದು, ಹಳೆಯ 24 ಸೆಂ.ಮೀ. ಫೇಸಿಂಗನ್ನೇ ಜೋಡಿಸಲು ಹೋದೆ. ಹೊಸ ಅಂಚು 22.8 ಅಲ್ಲವೇ, ವಿ ತುದಿಯಲ್ಲಿ ನಾಲಿಗೆ ಥರ ಉಳಿಯಿತು. ಫೇಸಿಂಗ್ ಹೊಸದಾಗಿ ಬರೆದುಕೊಂಡೆ.

ನೆರಿಗೆ ಹಾಕಿದ ಟಾಪನ್ನು ಈಗ ಹಾಕಿಕೊಂಡೇ ಇದ್ದೇನೆ.