ಹೆಚ್ಚಿನ ಗಣಿತ ಓದಿದವರಿಗೆ, ಬಿಟ್ಟವರಿಗೆ ಒಂದು ಪ್ರಶ್ನೆ: ಅದು ಬದುಕಿನಲ್ಲಿ ಒದಗಿತೇ?

ಪ್ರಶ್ನೆ ಕೇಳಿದ ತಾಯಿ
ನನ್ನ ಮಗಳಿಗೆ 16 ವರ್ಷ. ಚಿತ್ರ ಬರೆಯುವುದೆಂದರೆ ಅವಳಿಗೆ ಪ್ರಾಣ. ಮುಂದೆ ಕಟ್ಟಡ ವಿನ್ಯಾಸವನ್ನು ಓದುವುದೋ ಕಾನೂನನ್ನು ಓದುವುದೋ ಎಂಬುದು ಇನ್ನೂ ನಿಶ್ಚಯವಾಗಿಲ್ಲ. ಶಾಲೆಯ ಕೊನೆಯ ಎರಡು ವರ್ಷಗಳಿಗೆ ಕಲನಶಾಸ್ತ್ರ (ಕ್ಯಾಲ್ಕುಲಸ್) ಇರುವ ಗಣಿತವನ್ನು ಆರಿಸಿಕೊಳ್ಳಬೇಕೇ ಬೇಡವೇ ಎಂಬುದನ್ನು ಇದೇ ತಿಂಗಳು ತಿಳಿಸಬೇಕಾಗಿದೆ. ದಯವಿಟ್ಟು ನಿಮ್ಮ ಅನುಭವವನ್ನು ಹಂಚಿಕೊಳ್ಳಿ.

ತಂತ್ರಾಂಶ ಕೆಲಸದವನು
ನಾನು 16ನೇ ವಯಸ್ಸಿನಲ್ಲಿ ಗಣಿತವನ್ನು ಬಿಟ್ಟವನು, 34ನೇ ವಯಸ್ಸಿನಲ್ಲಿ ಅದರ ಬಾಗಿಲಿಗೇ ಹೋಗಿ ನಿಂತವನು. ಪ್ರೋಗ್ರಾಂ ಬರೆಯಲು ತರ್ಕವೊಂದಿದ್ದರೆ ಸಾಕು ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದೆ. ನಮ್ಮ ತಂಡವನ್ನು ಯಂತ್ರ ಕಲಿಕೆಯ (ಮಷೀನ್ ಲರ್ನಿಂಗ್) ಕೆಲಸಕ್ಕೆ ಹಾಕಿದ ದಿನ ಆ ಜಂಭ ಇಳಿಯಿತು. ಅಲ್ಲಿ ಬಳಸುವ ನರಜಾಲಕ್ಕೆ (ನ್ಯೂರಲ್ ನೆಟ್‌ವರ್ಕ್) ತರಬೇತಿ ಕೊಡುವುದೆಂದರೆ ಅದು ಮಾಡಿದ ತಪ್ಪಿನಲ್ಲಿ ಅದರೊಳಗಿನ ಯಾವ ತೂಕದ (ತಿದ್ದಬಹುದಾದ ಸಂಖ್ಯೆಯ) ಪಾಲು ಎಷ್ಟೆಂದು ಕೊನೆಯಿಂದ ಮೊದಲಿಗೆ ಲೆಕ್ಕ ಹಾಕುತ್ತ ಬರುವುದು, ಅಂದರೆ ಅವಕಲನದ, ಎಂದರೆ ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆಂಬ ಲೆಕ್ಕದ, ಸರಪಳಿ ನಿಯಮವನ್ನು ಮತ್ತೆ ಮತ್ತೆ ಪ್ರಯೋಗಿಸುವುದು. ನನಗೆ ಸರಪಳಿ ನಿಯಮದ ಮಾತಿರಲಿ, ಲಾಗರಿದಮ್ ಎಂದರೇನೆಂಬುದೇ ಮರೆತುಹೋಗಿತ್ತು. 14 ತಿಂಗಳು ಬೆಳಗಿನ 5ರಿಂದ 7ರವರೆಗೆ ಕುಳಿತೆ, 11 ನೋಟ್‌ಬುಕ್ ತುಂಬಿಸಿದೆ, ಪರೀಕ್ಷೆಯಲ್ಲಿ ಎರಡು ಬಾರಿ ನಪಾಸಾದೆ. ಎರಡನೆಯ ಬಾರಿ ಕೇವಲ 2 ಅಂಕ ಕಡಿಮೆಯಾಗಿತ್ತು. ಅಷ್ಟು ಹೊತ್ತಿಗೆ ನನಗಿಂತ ಆರು ವರ್ಷ ಚಿಕ್ಕವರೊಬ್ಬರು ತಂಡದ ಮುಖ್ಯಸ್ಥರಾಗಿದ್ದರು. ಬಿಡಬೇಡಿ ಎಂದಷ್ಟೇ ಹೇಳಬಲ್ಲೆ.

ವಕೀಲ
ನನ್ನ ಕಥೆ ಇದಕ್ಕೆ ತದ್ವಿರುದ್ಧ. ಕಲನಶಾಸ್ತ್ರದಲ್ಲಿ 100ಕ್ಕೆ 97 ಪಡೆದೆ. ಆ 97ಕ್ಕಾಗಿ ಎರಡು ವರ್ಷದ ಸಂಜೆಗಳನ್ನೂ ಎಂಟು ವರ್ಷ ಕಲಿತಿದ್ದ ಪಿಟೀಲನ್ನೂ ಕಳೆದುಕೊಂಡೆ. 22 ವರ್ಷದ ವಕೀಲಿಯಲ್ಲಿ ಒಂದೇ ಒಂದು ಅನುಕಲನವನ್ನು (ಸಣ್ಣ ಸಣ್ಣ ಪಾಲುಗಳನ್ನು ಕೂಡಿಸುವ ಲೆಕ್ಕ) ಮಾಡಿದ್ದಿಲ್ಲ. ಬೇಕಾದದ್ದು ಶೇಕಡಾ ಲೆಕ್ಕ. ನನ್ನ ಕಕ್ಷಿದಾರರೊಬ್ಬರಿಗೆ ಬಡ್ಡಿ ಕೇವಲ 10% ಎಂದು ಹೇಳಿ ಸಾಲ ಕೊಟ್ಟಿದ್ದರು. ಆದರೆ ತಿಂಗಳು ತಿಂಗಳೂ ಅಸಲು ತೀರುತ್ತ ಬಂದರೂ 5 ವರ್ಷವೂ ಮೊದಲಿನ ಪೂರ್ಣ ಮೊತ್ತದ ಮೇಲೆಯೇ ಬಡ್ಡಿ ಹಾಕಿದ್ದರು. 100ಕ್ಕೆ 50 ಬಡ್ಡಿ, 60 ಕಂತು, ಕಂತಿಗೆ 2.50. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ 17.3%. ಇದನ್ನು ಯಾವ ತರಗತಿಯಲ್ಲೂ ಹೇಳಿಕೊಡಲಿಲ್ಲ. ಸೈನ್ ವರ್ಗದ ಅನುಕಲನವನ್ನು ಮಾತ್ರ ತಿಂಗಳುಗಟ್ಟಲೆ ಹೇಳಿಕೊಟ್ಟರು. ಪಿಟೀಲು ಅಟ್ಟದ ಮೇಲಿದೆ.

ತಂತ್ರಾಂಶ ಕೆಲಸದವನು
ಆ 17.3 ಎಲ್ಲಿಂದ ಬಂತು, ವಕೀಲರೇ? ಅದು 60ನೇ ಘಾತದ ಸಮೀಕರಣ; ಸೂತ್ರದಲ್ಲಿ ಬೆಲೆಗಳನ್ನು ಹಾಕಿ ಬಿಡಿಸುವಂಥದ್ದಲ್ಲ. ಒಂದು ಊಹೆಯಿಂದ ಹೊರಟು, ಅವಕಲನದ ನೆರವಿನಿಂದ ಅದನ್ನು ತಿದ್ದುತ್ತ ಉತ್ತರದ ಹತ್ತಿರಕ್ಕೆ ಹೋಗುವ ನ್ಯೂಟನ್ ವಿಧಾನ ಇಂಥ ಕಡೆಗೇ ಇರುವುದು. ನೀವು ಬೈಯುತ್ತಿರುವ ಕಲನಶಾಸ್ತ್ರವೇ ನಿಮ್ಮ ಮೊಕದ್ದಮೆಗೆ ಸಾಕ್ಷಿ ಹೇಳಿದೆ.

ವಕೀಲ
ಉತ್ತರ ಕೊಟ್ಟದ್ದು ಸ್ಪ್ರೆಡ್‌ಶೀಟ್. ಕಾರು ಓಡಿಸುವವನು ಎಂಜಿನ್ನಿಗೆ ಎರಕ ಹೊಯ್ಯಲು ಕಲಿಯಬೇಕೇ? ನಿಮ್ಮ 14 ತಿಂಗಳ ನೋವನ್ನು ಪರರ ಮಕ್ಕಳ ತಲೆಗೆ ಕಟ್ಟಬೇಡಿ.

ಪ್ರಯೋಗಾಲಯ ತಂತ್ರಜ್ಞೆ
ನೀವಿಬ್ಬರೂ ಕಲನಶಾಸ್ತ್ರವನ್ನು ಬಿಟ್ಟು ಕದಲುವುದಿಲ್ಲ. ನನಗೆ ಒದಗಿದ್ದು ಸಂಭವನೀಯತೆ, ಅದೂ ತಡವಾಗಿ. ನನ್ನ ತಂಗಿಗೆ ಅಪರೂಪದ ಕಾಯಿಲೆಯೊಂದರ ತಪಾಸಣೆಯಲ್ಲಿ ಪಾಸಿಟಿವ್ ಬಂತು. 19 ದಿನ ಅಮ್ಮ ಸರಿಯಾಗಿ ಉಣ್ಣಲಿಲ್ಲ, ತಂಗಿ ಕೆಲಸಕ್ಕೆ ರಾಜೀನಾಮೆ ಬರೆದಿಟ್ಟಳು, ದಿನವಿಡೀ ಇಂಥ ವರದಿಗಳನ್ನೇ ತಯಾರಿಸುವ ನಾನೂ ಅವರೊಂದಿಗೆ ಅತ್ತೆ. 20ನೆಯ ದಿನ ಹಾಳೆ ಹಿಡಿದು ಕುಳಿತೆ. ಆ ಕಾಯಿಲೆ 1000 ಜನರಲ್ಲಿ ಒಬ್ಬರಿಗೆ ಬರುವಂಥದ್ದು. ಆರೋಗ್ಯವಂತರಲ್ಲೂ 5% ಜನರಿಗೆ ಆ ಪರೀಕ್ಷೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಹಾಗಾದರೆ 1000 ಜನರನ್ನು ಪರೀಕ್ಷಿಸಿದಾಗ ನಿಜವಾದ ರೋಗಿ ಒಬ್ಬರು, ಸುಳ್ಳು ಪಾಸಿಟಿವ್ ಸುಮಾರು 50. ತಂಗಿಗೆ ಕಾಯಿಲೆ ಇರುವ ಸಂಭವ ಬರೀ 2%. ಎರಡನೆಯ, ಖಚಿತ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಈ ಲೆಕ್ಕವನ್ನು ಹೇಳಿಕೊಡುವ ಬೇಯ್ಸ್ ಪ್ರಮೇಯ ನಮ್ಮ ಪಠ್ಯದ ಕೊನೆಯ ಅಧ್ಯಾಯದಲ್ಲಿತ್ತು. ಸಮಯ ಸಾಲದೆಂದು ಅದನ್ನೇ ಕೈಬಿಟ್ಟಿದ್ದರು.

ನಿವೃತ್ತ ಗಣಿತ ಶಿಕ್ಷಕ
31 ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ, ಕಲಿತದ್ದು ಎಂದು ಫಲ ಕೊಡುತ್ತದೆಂದು ಮೊದಲೇ ಹೇಳಲಾಗದು. ವಸ್ತುವೊಂದರ ಮೂಲಕ ಹಾಯುವ ರೇಖೆಗಳ ಮೇಲಿನ ಅನುಕಲನಗಳಿಂದ ಅದರ ಒಳರೂಪವನ್ನು ಮರಳಿ ಪಡೆಯಬಹುದೆಂದು ಗಣಿತಜ್ಞ ಯೋಹಾನ್ ರಾಡಾನ್ 1917ರಲ್ಲಿ ತೋರಿಸಿದರು. ಅಂಥದೇ ಗಣಿತವನ್ನು ನೆಚ್ಚಿದ ಸಿ.ಟಿ. ಸ್ಕ್ಯಾನ್‌ನಲ್ಲಿ ಮೊದಲ ರೋಗಿಯನ್ನು ಮಲಗಿಸಿದ್ದು 1971ರಲ್ಲಿ. ಆಸ್ಪತ್ರೆಯವರೇ ಅನುಕಲನವನ್ನು ಹಗುರವಾಗಿ ಕಾಣುವುದು ಸೋಜಿಗ.

ಪ್ರಯೋಗಾಲಯ ತಂತ್ರಜ್ಞೆ
ನಾನು ಹಗುರವಾಗಿ ಕಂಡಿಲ್ಲ, ಸರ್. ನನ್ನ ಬರಹವನ್ನು ಇನ್ನೊಮ್ಮೆ ಓದಿ. ಇನ್ನು, ಸ್ಕ್ಯಾನಿನ ಗಣಿತವನ್ನು 1963ರಲ್ಲಿ ಪ್ರಕಟಿಸಿದ ಅಲನ್ ಕಾರ್ಮ್ಯಾಕ್ ಅವರಿಗೆ ರಾಡಾನ್ ಅವರ ಲೇಖನದ ಸುಳಿವೇ ಇರಲಿಲ್ಲ. 1917ರ ಲೇಖನದಿಂದ ಯಂತ್ರ ಹುಟ್ಟಿತೆಂಬ ಧ್ವನಿಯೇ ತಪ್ಪು.

ನಿವೃತ್ತ ಗಣಿತ ಶಿಕ್ಷಕ
ಸುಳಿವಿಲ್ಲದೆಯೂ ತಾವೇ ಹೊಸದಾಗಿ ಕಂಡುಕೊಳ್ಳುವಷ್ಟು ಗಣಿತ ಅವರಿಗೆ ಬರುತ್ತಿತ್ತಲ್ಲ, ನಾನು ಹೇಳುತ್ತಿರುವುದೂ ಅದನ್ನೇ. 1979ರ ನೊಬೆಲ್ ಸುಮ್ಮನೆ ಬಂದದ್ದಲ್ಲ.

ವಕೀಲ
ಒಬ್ಬ ಕಾರ್ಮ್ಯಾಕ್‌ಗಾಗಿ ಎಷ್ಟು ಪಿಟೀಲುಗಳು ಅಟ್ಟ ಸೇರಬೇಕೆಂದು ಶಿಕ್ಷಕರು ತಿಳಿಸಿದರೆ ಉಪಕಾರವಾಗುತ್ತದೆ.

ಪ್ರಶ್ನೆ ಕೇಳಿದ ತಾಯಿ
ಎಲ್ಲರಿಗೂ ಧನ್ಯವಾದಗಳು. ಕಟ್ಟಡ ವಿನ್ಯಾಸ ಓದಿದವರು ಯಾರಾದರೂ ಇಲ್ಲಿದ್ದಾರೆಯೇ?

ತಂತ್ರಾಂಶ ಕೆಲಸದವನು
ವಕೀಲರೇ, ರಾತ್ರಿ ಕುಳಿತು ನ್ಯೂಟನ್ ವಿಧಾನದಲ್ಲಿ ಕೈಯಲ್ಲೇ ಲೆಕ್ಕ ಹಾಕಿದೆ. ನಿಮ್ಮ ದರ 17.3 ಅಲ್ಲ, 17.27.

ವಕೀಲ
ನ್ಯಾಯಾಧೀಶರಿಗೆ 17.3 ಸಾಕಾಯಿತು.