ಆನ್‌ಲೈನ್ ಬೈಠಕ್‌ಗೆ ಟಿಕೆಟ್ ಇಡೋದಾ ಬೇಡವಾ? ಅನುಭವ ಇದ್ದವರು ಹೇಳಿ

ಸಿಂಹಗಡ ರಸ್ತೆ, ಪುಣೆ:
ನಮಸ್ಕಾರ. ನನ್ನ ತಮ್ಮ ತಬಲಾ ನುಡಿಸುತ್ತಾನೆ. ಖಾಯಂ ಕೆಲಸ ಇಲ್ಲ, ಕರೆದವರಿಗೆ ಸಾಥ್ ಕೊಡೋದೇ ಸಂಪಾದನೆ. ಮಳೆಗಾಲದಲ್ಲಿ ಕೈ ಖಾಲಿ. ಇಲ್ಲಿನ ಆರು ಕನ್ನಡ ಮನೆಯವರು ಸೇರಿ ಅವನಂಥವರಿಗಾಗಿ ತಿಂಗಳಿಗೊಂದು ಆನ್‌ಲೈನ್ ಬೈಠಕ್, ಅಂದರೆ ಕೂತು ಕೇಳೋ ಚಿಕ್ಕ ಸಂಗೀತ ಕಾರ್ಯಕ್ರಮ, ಮಾಡೋಣ ಅಂತಿದ್ದೇವೆ. ಟಿಕೆಟ್ ಇಡೋದಾ, ಮನಸ್ಸಿಗೆ ಬಂದಷ್ಟು ಕೊಡಿ ಅನ್ನೋದಾ? ಅವನು ಆನ್‌ಲೈನ್ ಪಾಠ ಶುರು ಮಾಡಿದರೆ ನಡೆಯುತ್ತಾ?

ಡೊಂಬಿವಲಿ ತಬಲಜಿ:
ಟಿಕೆಟ್ ಇಟ್ಟು ನೋಡಿದವನು ನಾನು. 2020ರ ಮಾರ್ಚ್‌ನಲ್ಲಿ ಎಲ್ಲ ಬಂದ್ ಆದಾಗ ಹದಿನಾಲ್ಕು ಕಾರ್ಯಕ್ರಮ ಒಂದೇ ವಾರದಲ್ಲಿ ಹೋದವು. ಅಡ್ವಾನ್ಸ್ ಒಂದು ಪೈಸೆ ಇಲ್ಲ, ನಮ್ಮಲ್ಲಿ ಆ ಪದ್ಧತಿಯೇ ಇಲ್ಲವಲ್ಲ. ಗಣಪತಿ ಹೊತ್ತಿಗೆ ಮೂವರು ಸೇರಿ ಆನ್‌ಲೈನ್ ಬೈಠಕ್ ಇಟ್ಟೆವು. 200 ರೂಪಾಯಿಯ 84 ಟಿಕೆಟ್ ಹೋದವು, 16,800. ಪೇಮೆಂಟ್ ಗೇಟ್‌ವೇ 2 ಪರ್ಸೆಂಟ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಲ್ಲಿಗೆ 396 ಹೋಯಿತು. ಕ್ಯಾಮೆರಾದವನಿಗೆ 7,000. ಸೌಂಡಿನವನಿಗೆ 3,500. ಉಳಿದದ್ದು ತಲಾ 1,968. ಅದೇ ವಾರ ನನ್ನ ದಾಯಾಂನ, ಅಂದರೆ ಬಲಗೈ ತಬಲಾದ, ಚರ್ಮದ ಹೊದಿಕೆ ಹರಿಯಿತು, ಆ ಲೆಕ್ಕ ಬೇರೆ. 6,500 ಕೊಟ್ಟು ತಂದ ಮೈಕ್ ಈಗಲೂ ಕಪಾಟಿನಲ್ಲಿದೆ. ಮರುದಿನ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲೇ ಒಬ್ಬರು ಲಿಂಕ್ ಹಾಕಿ ‘ಫ್ರೀ ಇದೆ, ನೋಡಿ’ ಅಂದಿದ್ದರು. ಟಿಕೆಟ್ ತಗೊಂಡವರೇ ರೀ!

ಕೊಥ್ರೂಡ್ ಗಾಯಕಿ:
ಬೈಠಕ್ ಬಿಡಿ, ಪಾಠ ಹಿಡಿಯಿರಿ. ನನ್ನ ಹತ್ತಿರ ಈಗ 23 ಮಕ್ಕಳು. ಕ್ಯಾಲಿಫೋರ್ನಿಯಾದ ಸಂಜೆ 5 ಅಂದರೆ ನಮಗೆ ಬೆಳಗಿನ 5:30. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ 6:30 ಆಗುತ್ತದೆ, ಆಗ ಇಲ್ಲಿನ ಮಕ್ಕಳ ಕ್ಲಾಸಿಗೆ ತಾಗುತ್ತದೆ, ಪ್ರತಿ ವರ್ಷ ಇದೇ ಗೋಳು. ಮೊದಲ ಎರಡು ತಿಂಗಳು ನನ್ನ ತಂಬೂರಿ ಆ ಕಡೆ ಕೇಳುತ್ತಲೇ ಇರಲಿಲ್ಲ. ಮಗು ಒಂದು ಸಾ ಹಚ್ಚಿದರೆ ನಾನು ಇನ್ನೊಂದು. ಪಾಪ, ಸುಮ್ನೆ ಅದಕ್ಕೆ ಬೈದೆ. ಒಂದೇ ಸಮ ಬರುವ ಸದ್ದನ್ನು ಜೂಮ್ ಫ್ಯಾನಿನ ಸದ್ದು ಅಂತ ತಿಳಿದು ಅಳಿಸುತ್ತದೆ, ‘ಒರಿಜಿನಲ್ ಸೌಂಡ್’ ಆನ್ ಮಾಡಬೇಕು ಅಂತ ಆಮೇಲೆ ತಿಳಿಯಿತು. ಈಗ ತಂಬೂರಿ ಆ್ಯಪ್ ಮಗುವಿನ ಕಡೆಯೇ. ಸದ್ದು ತಡವಾಗಿ ತಲುಪುತ್ತದೆ ಅಂತ ಜೊತೆಗೆ ಹಾಡೋದೇ ಇಲ್ಲ, ನಾನು ನಿಲ್ಲಿಸಿದ ಮೇಲೆ ಅದು. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಸಂಗೀತ ಪರೀಕ್ಷೆಗೆ ನಾಲ್ವರು ಕೂತರು, ನಾಲ್ವರೂ ಪಾಸ್. ಮುಂಗಡ ಫೀಸು ಬರದೆ ಲಿಂಕ್ ಕಳಿಸೋದಿಲ್ಲ. ಒಬ್ಬರು ಮೂರು ತಿಂಗಳ 7,200 ಮುಳುಗಿಸಿದ ಮೇಲೆ ಬಂದ ಬುದ್ಧಿ. ಕೇಳೋಕೆ ನಾಚಿಕೊಂಡರೆ 1,968ನೇ ಸಿಗೋದು.

ಡೊಂಬಿವಲಿ ತಬಲಜಿ:
ಅಕ್ಕಾವ್ರೇ, ಗಾಯನದ ಮಾತು ಬೇರೆ. ನಾನು ಲಹರಾ, ಅಂದರೆ ತಾಳದ ಸುತ್ತು ತೋರಿಸುವ ಧಾಟಿ, ಹಾಕಿ ಕಾಯ್ದಾ ಅನ್ನೋ ತಬಲಾ ಪಾಠ ನುಡಿಸು ಅಂದರೆ ಹುಡುಗ ಅಲ್ಲಿ ತಾಳದ ಮೊದಲ ಪೆಟ್ಟಾದ ಸಮ್‌ಗೆ ಸರಿಯಾಗೇ ಬಂದಿರುತ್ತಾನೆ, ನನಗೆ ಕೇಳೋದು ಅರ್ಧ ಮಾತ್ರೆ ತಡ. ಬ್ಲೂಟೂತ್ ಹಾಕಿಕೊಂಡಿದ್ದರಂತೂ ದೇವರೇ ಗತಿ. ಬಾಯಾಂ, ಅಂದರೆ ಎಡಗೈ ತಬಲಾದ, ಗುಮುಕು ಫೋನಿನಲ್ಲಿ ಕೇಳಿಸೋದೇ ಇಲ್ಲ. ಅಂದಹಾಗೆ ನಿಮ್ಮ ಪಾಠಕ್ಕೆ ಠೇಕಾ, ಅಂದರೆ ತಾಳಕ್ಕೆ ತಬಲಾ, ಯಾರದು? ಆ್ಯಪ್‌ದು, ಅಲ್ವಾ? ಮೊದಲು ಅದಕ್ಕೇ ವಾರಕ್ಕೆ ಮೂರು ದಿನ ನಮ್ಮನ್ನು ಕರೆಯುತ್ತಿದ್ದಿರಿ.

ಕೊಥ್ರೂಡ್ ಗಾಯಕಿ:
ಆ್ಯಪ್ ಬೆಳಗಿನ 5:30ಕ್ಕೆ ಬರುತ್ತದೆ. ಲೋಕಲ್ ಟ್ರೇನ್ ತಪ್ಪಿತು ಅಂತ ಹೇಳೋದಿಲ್ಲ.

ಡೊಂಬಿವಲಿ ತಬಲಜಿ:
ಹಾಗಾದರೆ ಮುಂದಿನ ಕಾರ್ಯಕ್ರಮದಲ್ಲಿ ವೇದಿಕೆ ಮೇಲೂ ಫೋನನ್ನೇ ಕೂರಿಸಿಕೊಳ್ಳಿ.

ಮಡಗಾಂವ್ ಪೇಟಿ:
ಜಗಳ ಆಮೇಲೆ ಆಡಿ. ನಾವು ಟಿಕೆಟ್ ಇಡಲಿಲ್ಲ, ಯುಪಿಐ ಕ್ಯೂಆರ್ ಪರದೆಯ ಮೂಲೆಯಲ್ಲಿ ತೋರಿಸಿದೆವು. 22,350 ಬಂತು. ಆದರೆ ಜುಲೈ ತಿಂಗಳು, ಗೋವಾ ಮಳೆ, ದ್ರುತ್, ಅಂದರೆ ವೇಗದ ಲಯ, ಹಿಡಿದಿದ್ದೇ ತಡ ಕರೆಂಟ್ ಹೋಯಿತು. ಇನ್ವರ್ಟರ್ ಇತ್ತು, ವೈಫೈ ಡಬ್ಬಿಗೆ ಕೊಟ್ಟಿರಲಿಲ್ಲ! ಹನ್ನೊಂದು ನಿಮಿಷ ಜನ ಕಪ್ಪು ಪರದೆ ನೋಡಿದರು. ಮರುದಿನ ನಮ್ಮ ವಿಡಿಯೊದಲ್ಲಿದ್ದ ಹಳೇ ಬಂದಿಶ್‌ಗೆ (ರಾಗದ ಹಾಡಿಗೆ) ಯಾವುದೋ ಕಂಪನಿ ‘ಇದು ನಮ್ಮದು’ ಅಂತ ಹಕ್ಕು ಹಾಕಿತ್ತು. ನಮ್ಮ ಗುರುಗಳ ಬಾಯಿಂದ ಕಲಿತದ್ದು! ಬಿಡಿಸಿಕೊಳ್ಳೋಕೆ ಐದು ವಾರ. ಪೇಟಿಯೊಳಗೆ (ಹಾರ್ಮೋನಿಯಂ) ತೇವ ಹೋಗಿ ಎರಡು ಸ್ವರ ಕಚ್ಚಿಕೊಂಡವು, ರಿಪೇರಿ 2,800.

ವಾಶಿ ರಸಿಕ:
ಕ್ಯೂಆರ್ ತೋರಿಸಿ ಹಾಡೋದು ನೋಡೋಕೆ ಬೇಜಾರು. ವಿದ್ಯೆ ಮಾರೋದಕ್ಕಲ್ಲ. ನಮ್ಮ ಕಾಲದಲ್ಲಿ ಮುಂಬೈನ ಮಾಟುಂಗಾದಲ್ಲಿ ಕೂತು ಫ್ರೀಯಾಗಿ ಎಂಥೆಂಥವರನ್ನು ಕೇಳಿದ್ದೇವೆ.

ಮಡಗಾಂವ್ ಪೇಟಿ:
ನಿಮಗೆ ಫ್ರೀ ಇತ್ತು ಸರ್. ಯಾರೋ ಚಂದಾ ಎತ್ತಿದ್ದರು. ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಗುರುಗಳ ನೆನಪಿಗೆ ಪುಣೆಯಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಮಹೋತ್ಸವಕ್ಕೂ ಟಿಕೆಟ್ ಇದೆ. ಅಲ್ಲಿ ಕೊಟ್ಟು ಕೂರುತ್ತೀರಿ, ಇಲ್ಲಿ ನೂರು ರೂಪಾಯಿಗೆ ವಿದ್ಯೆ ಮಾರಾಟ ಆಗಿಬಿಟ್ಟಿತಾ?

ವಾಶಿ ರಸಿಕ:
ಭೀಮಸೇನ ಜೋಶಿ ಹುಟ್ಟಿದ್ದು ರೋಣ. ಮೊದಲು ಸರಿಯಾಗಿ ತಿಳಿದುಕೊಳ್ಳಿ.

ಮಡಗಾಂವ್ ಪೇಟಿ:
ರೋಣ ಎಲ್ಲಿದೆ ಸರ್? ಗದಗ ಜಿಲ್ಲೆಯಲ್ಲೇ.

ವಾಶಿ ರಸಿಕ:
ಆಗ ಅದು ಧಾರವಾಡ ಜಿಲ್ಲೆ.

ಸಿಂಹಗಡ ರಸ್ತೆ, ಪುಣೆ:
ತಮ್ಮನ ಹತ್ತಿರ ಇರೋದು ಒಂದು ಹಳೇ ಫೋನ್. ಅದೇ ಸಾಕಾ, ಅಥವಾ...

ಕೊಥ್ರೂಡ್ ಗಾಯಕಿ:
ತಬಲಜಿಯವರೇ, 16,404 ಉಳಿದಾಗ ಕ್ಯಾಮೆರಾದವನಿಗೆ 7,000 ಕೊಟ್ಟವರು ನೀವು. ಅದಕ್ಕೂ ಆ್ಯಪ್ ಕಾರಣವಾ?

ಡೊಂಬಿವಲಿ ತಬಲಜಿ:
ಅವನು ನನ್ನ ಭಾವಮೈದುನ. ಆ ವಿಷಯ ಬೇಡ.

ಮಡಗಾಂವ್ ಪೇಟಿ:
ಕಪಾಟಿನಲ್ಲಿರೋ ಆ ಮೈಕ್ ಮಾರುತ್ತೀರಾ? 3,000 ಕೊಡುತ್ತೇನೆ.

ಡೊಂಬಿವಲಿ ತಬಲಜಿ:
4,500. ಸ್ಟ್ಯಾಂಡ್ ಬೇರೆ.